ಎದುರುತ್ತರ

ಗುರುವಾರ ಸಂಜೆ ಬೆರಿಲ್ ಬಂದಳು
ಹಂಬರ್ ನದಿಯ ಗಾಳಿಗೆ ಕೂದಲು ಕೆದರಿಕೊಂಡು,
ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಯಲ್ಲಿ
ಗಂಡನ ಸೈನ್ಯವನ್ನೆಲ್ಲ ತುಂಬಿಸಿಕೊಂಡು.
'ನೆವಿಲ್‌ದು. ನೀವೇ ಇಟ್ಟುಕೊಳ್ಳಿ.
ಧೂಳು ಒರೆಸಿ ಒರೆಸಿ ನನಗೆ ಸಾಕಾಗಿದೆ.'
ಚಹಾ ಕೂಡ ಕುಡಿಯದೆ ಹೋದಳು.

ಒಳಗೆ ಹನ್ನೊಂದು ಬಂಡಿ,
ಯಾವ ಅಂಗಡಿಯಲ್ಲೂ ಸಿಗದವು.
ಟ್ರ್ಯಾಕ್ಟರ್ ಕಿಟ್ಟಿನ ಮೂತಿಗೆ ಟ್ಯಾಂಕಿನ ಸೊಂಟ,
ರೇಜರ್ ಹಿಡಿ ಸೀಳಿ ಮಾಡಿದ ಹೊಗೆಕೊಳವೆ,
ಚಾಕೊಲೇಟ್ ಮೊಟ್ಟೆಯೊಳಗಿನ ಹಳದಿ ಡಬ್ಬಿ
ಯಾವುದೋ ನಾಲ್ಕನೇ ಚಂದ್ರನಲ್ಲಿ ಇಂಧನದ ಟಾಕಿ.
ಮೂವತ್ತು ವರ್ಷ ಕ್ಯಾರವಾನ್ ಕಾರ್ಖಾನೆಯಲ್ಲಿ
ಬಾಗಿಲಿಗೆ ಕೀಲು ಕೂರಿಸಿದವನು.
ಚಕ್ರವಿದ್ದೂ ಎಲ್ಲಿಗೂ ಹೋಗದ ಮನೆಗಳನ್ನು
ಕಂಡು ಕಂಡು ಬೇಸತ್ತಿದ್ದನೇನೋ,
ಇವುಗಳಲ್ಲಿ ಒಂದಕ್ಕೂ ಚಕ್ರ ಇಟ್ಟಿರಲಿಲ್ಲ.

ನಾನು ಹಲ್ ಊರಿನಲ್ಲಿ ಹಲ್ಲು ಕಟ್ಟುವವಳು.
ಹಗಲು ಬೇರೆಯವರ ಬಾಯಿಗೆ ದವಡೆ,
ರಾತ್ರಿ ಅದೇ ಡ್ರಿಲ್ಲಿನಿಂದ
ಪ್ಲಾಸ್ಟಿಕ್ ಹೆಗಲಿಗೆ ಮೂರು ಮಿಲಿಮೀಟರ್ ತೂತು.
ತೂತಿಗೊಂದು ಅಯಸ್ಕಾಂತ, ಬೇಳೆಯಷ್ಟು,
ಅಲ್ಲ, ಬೇಳೆಗಿಂತ ಚಿಕ್ಕದು, ಸೊಕ್ಕು ಮಾತ್ರ ಸೇರುಗಟ್ಟಲೆ.
ಅಂಟಿನ ಹನಿ. ಉಸಿರು ಬಿಗಿ.
ಒಮ್ಮೆ ಅದು ಚಿಮಟವನ್ನೇ ವರಿಸಿ ಕೂತಿತು;
ಇನ್ನೊಮ್ಮೆ ಫಿರಂಗಿಯೂ ನನ್ನ ಹೆಬ್ಬೆರಳೂ
ರಾತ್ರಿಯಿಡೀ ಬಿಡಿಸಲಾರದ ನೆಂಟರು.

ನಮ್ಮ ಕೂಟಕ್ಕೆ ಇರುವುದು ಒಂದೇ ಕಟ್ಟಳೆ:
ಕೆಳಗಿರುವುದರಲ್ಲಿ ಉತ್ತರ ಮೇಲಕ್ಕೆ,
ಮೇಲಿರುವುದರಲ್ಲಿ ದಕ್ಷಿಣ ಕೆಳಕ್ಕೆ.
ಕೆಂಪು ಮಸಿಯ ಚುಕ್ಕಿ ಕಡ್ಡಾಯ.
ಆಗ ನನ್ನ ಗೋಪುರ ನಿನ್ನ ಟ್ಯಾಂಕಿಗೆ,
ಪ್ಶೆಮೆಕ್‌ನ ಲೇಸರ್ ಕೋವಿ ನನ್ನ ಬಂಡಿಗೆ,
ಯಾರ ಬಂಡಿಯಾದರೂ ಯಾರ ಪೀಠಕ್ಕಾದರೂ.
ಟಕ್! ಕೇಳಿದ್ದೀರಾ ಆ ಸದ್ದು?
ಪ್ರಶ್ನೆ ಮುಗಿಯುವ ಮೊದಲೇ
ಉತ್ತರ ಸಿಕ್ಕಿಬಿಡುವ ಸದ್ದು.

ನೆವಿಲ್‌ನ ಬಂಡಿಯನ್ನು ನನ್ನ ಪೀಠದ ಮೇಲಿಟ್ಟೆ.
ಕೂರಲಿಲ್ಲ.
ಮುಖ ತಿರುಗಿಸಿತು, ಜಾರಿತು, ಮಗುಚಿತು,
ಮೇಜಿನ ಅಂಚಿಗೆ ಓಡಿತು.
ಎರಡನೆಯದು, ಐದನೆಯದು, ಹನ್ನೊಂದನೆಯದು:
ಎತ್ತು ಏರಿಗೆ, ಕೋಣ ನೀರಿಗೆ.
ಹನ್ನೊಂದರ ಹೊಟ್ಟೆಯಲ್ಲೂ ಉತ್ತರವೇ ಕೆಳಗೆ.
ಉತ್ತರದ ಮುಂದೆ ಉತ್ತರ, ಬರೀ ಎದುರುತ್ತರ.
'ಕೊನೆಕೊನೆಗೆ ಕಣ್ಣು ಮಂಜಾಗಿತ್ತು' ಅಂದ ಒಬ್ಬ.
'ಕೈಯೂ ನಡುಗುತ್ತಿತ್ತು' ಅಂದ ಇನ್ನೊಬ್ಬ.
ಗೋಡೆಗೆ ಅಂಟಿಸಿದ ಕಟ್ಟಳೆಯ ಹಾಳೆಯಲ್ಲಿ
ಇದ್ದದ್ದು ನೆವಿಲ್‌ನದೇ ಕೈಬರಹ.

ಕಿತ್ತು ತಿರುಗಿಸಿ ಹಾಕೋಣವೆಂದು ಡ್ರಿಲ್ ಎತ್ತಿದೆ.
ಮನಸ್ಸಾಗಲಿಲ್ಲ. ಕೂರಿಸುವುದು ನನ್ನ ಕಸುಬು,
ಕೀಳುವ ಮಂದಿ ಬೇರೆ ಇದ್ದಾರೆ.
ಅಷ್ಟರಲ್ಲಿ ಪ್ಶೆಮೆಕ್, ಹದಿನಾರರ ಹುಡುಗ,
ಬಂಡಿಯನ್ನು ದೀಪಕ್ಕೆ ಹಿಡಿದು ನೋಡಿದ:
ಮುಂದೊಂದು, ಹಿಂದೊಂದು ತೂತು,
ಆಚೆಯಿಂದ ಈಚೆಗೆ ಬೆಳಕು ಬರುವಂಥವು,
ಯಾವ ಕೋವಿಗೂ ಸಲ್ಲದವು.
ಪೆಟ್ಟಿಗೆಯ ತಳದಲ್ಲಿ ಟೇಪು ಸುತ್ತಿದ ತಂಬಾಕಿನ ಡಬ್ಬಿ,
ಅದರಲ್ಲಿ ಕತ್ತರಿಸಿದ ಗಿಟಾರ್ ತಂತಿ,
ಎಣಿಸಿದೆವು, ಇಪ್ಪತ್ತೆರಡು ತುಂಡು.

ಪೀಠಕ್ಕೆ ಎರಡು ತಂತಿ ನೆಟ್ಟು
ಅವುಗಳ ಗುಂಟ ಬಂಡಿಯನ್ನು ಇಳಿಸಿದೆವು.
ಇಳಿಯಿತು, ಇಳಿಯಿತು, ನಿಂತಿತು,
ಪೀಠದಿಂದ ಅರ್ಧ ಬೆರಳು ಮೇಲೆ,
ಯಾವುದನ್ನೂ ಮುಟ್ಟದೆ, ನವಿರಾಗಿ ನಡುಗುತ್ತ.
ತಲೆಯ ಮೇಲೆ ಒತ್ತಿದೆ. ತಗ್ಗಿತು.
ಬಿಟ್ಟೆ. ಎದ್ದಿತು.
ಇಬ್ಬರೂ ಸರದಿಯಲ್ಲಿ ಒತ್ತುತ್ತ ಬಿಡುತ್ತ
ಕಡೆಯ ಬಸ್ಸು ತಪ್ಪಿಸಿಕೊಂಡೆವು.

ಹತ್ತು ನೆಟ್ಟಗೆ ತೇಲುತ್ತವೆ.
ಹನ್ನೊಂದನೆಯದು ಎಡಕ್ಕೆ ವಾಲುತ್ತದೆ, ಕಾರಣ ಗೊತ್ತಿಲ್ಲ.

ಬೆರಿಲ್‌ಗೆ ಫೋನು ಮಾಡಿದೆ.
'ತೇಲುತ್ತಿವೆ' ಅಂದೆ. 'ಹನ್ನೊಂದೂ.'
ಅತ್ತ ಕಡೆ ಟಿವಿಯ ಸದ್ದು ಸಣ್ಣದಾಯಿತು.
ಸ್ವಲ್ಪ ಹೊತ್ತು ಬಿಟ್ಟು ಅಂದಳು:
'ಹಾಗಾದರೆ ಇನ್ನು
ಅವುಗಳ ಅಡಿಗೂ ಬಟ್ಟೆ ತೂರಿಸಿ ಒರೆಸಬೇಕಲ್ಲೇ, ಪುಣ್ಯಾತ್ಗಿತ್ತಿ.'