ನೀರು ಹೇಗಿದೆ

ಬೆಳಗಿನ ಜಾವ ನಾಲ್ಕೂಮುಕ್ಕಾಲಿಗೆ
ತರೀಕೆರೆಯಿಂದ ಷಫಿವುಲ್ಲಾನ ಫೋನು.
ನಮಸ್ಕಾರವಿಲ್ಲ, ಊಟ ತಿಂಡಿಯ ಮಾತಿಲ್ಲ,
‘ನೀರು ಹೇಗಿದೆ?’
ಅಷ್ಟೇ. ಹದಿನಾಲ್ಕು ವರ್ಷದಿಂದ ಅಷ್ಟೇ.

ಅಣೆಕಟ್ಟೆಯಲ್ಲಿ ಎಷ್ಟು ಅಡಿ ಎಂದು
ಪೇಪರಿನವರು ಬರೆಯುತ್ತಾರೆ.
ಅದು ಗದ್ದೆಯವರ ಲೆಕ್ಕ, ನಾಲೆಯವರ ಲೆಕ್ಕ.
ಇವನಿಗೆ ಬೇಕಾದದ್ದು ಅಡಿಯಲ್ಲ,
ಅಡಿಯಲ್ಲಿರುವುದು.

ಲಕ್ಕವಳ್ಳಿಯ ಹಿನ್ನೀರಿಗೆ ಮೊಣಕಾಲುದ್ದ ಇಳಿದು
ನಿಂತು ಹೇಳುತ್ತೇನೆ.
ಪುಷ್ಯಮಾಸವಾದರೆ,
‘ನೀರಿನ ಮೇಲೆ ಹೊಗೆ ಮಾರಾಯ, ಕಾಲು ಜೋಮು.
ಗೆಂಡೆ ತಳ ಹಿಡಿದು ಮಲಗಿದೆ,
ಬಲೆ ಬಿಟ್ಟರೆ ಹೊದಿಕೆ ಅಂದುಕೊಳ್ಳುತ್ತದೆ.
ಬಿಸಿಲೇರಲಿ, ಹತ್ತರ ಮೇಲೆ ನೋಡೋಣ.’

ಹುಣ್ಣಿಮೆಯ ಆಚೀಚೆ ಐದು ದಿನ ಫೋನೂ ಇಲ್ಲ.
ಬಲೆಗೆ ನಾಲ್ಕು ಬೆರಳಗಲದ ಕಣ್ಣು ಸಾವಿರ,
ಮೀನಿಗೆ ಎರಡೇ.
ಬೆಳದಿಂಗಳಲ್ಲಿ ಆ ಎರಡೇ ಗೆಲ್ಲುತ್ತವೆ.

ಚೈತ್ರ ಕಳೆದರೆ ನೀರು ದಿನಕ್ಕೊಂದು ಗೇಣು ಹಿಂದೆ ಸರಿಯುತ್ತದೆ.
ಮುಳುಗಿದ್ದ ಮತ್ತಿಯ ಬುಡಗಳು ತಲೆಯೆತ್ತಿ
ಹೋದ ವರ್ಷ ಕಿತ್ತುಕೊಂಡ ನನ್ನದೇ ಬಲೆಯ ಚೂರನ್ನು
ಒಣಹಾಕಿಕೊಂಡು ನಿಂತಿರುತ್ತವೆ.
‘ಹೇಗಿದೆ?’
‘ಬೆಚ್ಚಗಿದೆ, ಕೆಸರು ವಾಸನೆ. ಜಿಲೇಬಿ ಬೇಕಾದಷ್ಟು,
ಕಾಟ್ಲಾ ನಡುಮಡುವಿಗೆ ಹೋಗಿದೆ. ಐಸು ಜಾಸ್ತಿ ತಾ.’

ಆಶ್ಲೇಷೆಯಲ್ಲಿ ಒಂದೇ ಮಾತು: ‘ಕೆಂಪು.’
ಬಲೆಯಲ್ಲಿ ಎಲೆ, ಕಡ್ಡಿ,
ಒಮ್ಮೆ ಯಾರದೋ ಪ್ಲಾಸ್ಟಿಕ್ ಕುರ್ಚಿ.
ಹುಬ್ಬೆ ದಾಟಿ ಉತ್ತರೆಗೆ ಬಣ್ಣ ಇಳಿದು
ಹಾಲು ಕಡಿಮೆಯಾದ ಚಹಾದ ಹಾಗೆ ಆದಾಗ
ನಾನೇ ಫೋನು ಮಾಡುತ್ತೇನೆ. ಅವನು ಎದ್ದಿರುವುದಿಲ್ಲ.

ಈ ಸಲ ರೋಹಿಣಿ ಕಾಲಿಟ್ಟು
ಮೂರನೇ ರಾತ್ರಿಗೇ ಮಳೆ ಹೊಡೆಯಿತು.
ಎರಡು ತಿಂಗಳು ಬಲೆ ಮಡಿಚಿಡಬೇಕು,
ಸರ್ಕಾರದ ಆ ತಾರೀಖಿಗೆ ಇನ್ನೂ ನಾಲ್ಕು ದಿನ.
ಕತ್ತಲಲ್ಲಿ ಬಸರಿಹಳ್ಳ ಸದ್ದು ಮಾಡಿತು.
ಹಾಲಮ್ಮ ಬ್ಯಾಟರಿ ಹಿಡಿದಳು,
ನಾನು ಕಾಲು ಇಳಿಬಿಟ್ಟು ಕಲ್ಲಿನ ಮೇಲೆ ಕೂತೆ.

ಹಿಮ್ಮಡಿ ಮುಳುಗದ ನೀರಿನಲ್ಲಿ
ಬೆನ್ನು ಹೊರಗೆ ಹಾಕಿಕೊಂಡು
ಒಂದರ ಹಿಂದೆ ಒಂದು.
ಹತ್ತುಮೀನು ಅನ್ನುತ್ತೇವೆ, ಎಣಿಸಿದರೆ ನೂರಾರು.
ತುಂಬಿದ ಹೊಟ್ಟೆ ಮರಳಿಗೆ ಉಜ್ಜುತ್ತಿತ್ತು.
ಕಲ್ಲಿಗೆ ಬಡಿದು, ಜಾರಿ, ಮತ್ತೆ ಹತ್ತಿ,
ಹುಲ್ಲಿನ ಬುಡ ಸಿಕ್ಕಲ್ಲಿ ನಿಂತು ನಡುಗುತ್ತಿದ್ದವು.
ಬಲೆ ಬೇಡ. ಬುಟ್ಟಿ ಸಾಕು. ಕೈ ಸಾಕು.
ಮೂರು ಕ್ರೇಟು, ಎಂದು ಕಣ್ಣು ಅಳೆಯಿತು,
ಕಣ್ಣಿಗೆ ಅದೇ ಅಭ್ಯಾಸ.

ಜೇಬು ಗುರುಗುಟ್ಟಿತು.
‘ನೀರು ಹೇಗಿದೆ?’
ಹಾಲಮ್ಮ ಬ್ಯಾಟರಿಯನ್ನು ನನ್ನ ಮುಖಕ್ಕೇ ಬಿಟ್ಟಳು.
‘ಸರಿಯಿಲ್ಲ,’ ಅಂದೆ.
ಹದಿನಾಲ್ಕು ವರ್ಷದಲ್ಲಿ ಮೊದಲ ಸುಳ್ಳು,
ಅದೂ ನೀರಿನಲ್ಲಿ ಕಾಲಿಟ್ಟುಕೊಂಡು.

ಆ ಕಡೆ ಅವನು ಸುಮ್ಮನಾದ.
ಹಳ್ಳದ ಸದ್ದು ಫೋನಿನೊಳಗೆ ಹೋಗುತ್ತಿತ್ತು,
ನಡುವೆ ಬಾಲಗಳ ಪಟಪಟ.
ಮೀನು ಮಾರುವವನ ಕಿವಿಗೆ ಅದು ತಿಳಿಯದೆ ಇರುತ್ತದೆಯೆ?
‘ಹಂಗಾದ್ರೆ ಬೇಡ ಬಿಡು,’ ಅಂದ,
‘ಆಗಸ್ಟಿಗೆ ನೋಡಾನ.’

ಹಾಲಮ್ಮನ ಸೆರಗಿನಲ್ಲಿ ಎರಡು ಒದ್ದಾಡುತ್ತಿದ್ದವು.
ನಾನು ಆ ಕಡೆ ನೋಡಲಿಲ್ಲ.
ಮಧ್ಯಾಹ್ನ ಸಾರು ಬಡಿಸುತ್ತಾ,
‘ಎರಡೂ ಗಂಡು,’ ಅಂದಳು.
ನಾನು ಕೇಳಿರಲಿಲ್ಲ.