ಕೊನೆಯ ಅಕ್ಷರ

ಆ ಭಾನುವಾರ ನಾನು ಹರಿದ ಟಿಕೆಟ್ಟು ನಲವತ್ತೊಂದು.
ಆರು, ಎದುರು ತಂಡದವರ ಮನೆಮಂದಿಗೆ.
ಒಂದು, ಬಸ್ಸು ತಪ್ಪಿಸಿಕೊಂಡು ಹೊತ್ತು ಕಳೆಯಲು ಬಂದವನಿಗೆ.
ಒಂದು ನಾಯಿಗೆ.
ನಲವತ್ತು ಯಾಕೋ ತೀರಾ ಬೋಳು ಅನಿಸಿತ್ತು.

ಹದಿನೇಳು ವರ್ಷ ಈ ಕಿಂಡಿಯಲ್ಲಿ ಕೂತಿದ್ದೇನೆ.
ಇಲ್ಲಿಂದ ಮೈದಾನ ಕಾಣುವುದಿಲ್ಲ.
ಕಾಣುವುದು ರಸ್ತೆ, ಔಷಧಿ ಅಂಗಡಿ,
ಮುಚ್ಚಿದ ಮಾಂಸದ ಕಾರ್ಖಾನೆಯ ಚಿಮಣಿಯ ಮೇಲರ್ಧ.
ಗೋಲೆಂದರೆ ನನಗೆ ಕಿವಿಗೆ ಬೀಳುವ ಸಂಗತಿ:
ಕೂಗೆದ್ದರೆ ನಮ್ಮದು.
ಕೂಗಿಲ್ಲದೆ ಒಂದು ಬೆಂಚು ಕಿರುಗುಟ್ಟಿದರೆ ಅವರದು.
ಆ ಕಿರ್ ಸದ್ದನ್ನು ಗುರುತಿಸುವುದರಲ್ಲಿ
ನನ್ನಷ್ಟು ಪಳಗಿದ ಕಿವಿ
ಉರುಗ್ವೆ ನದಿಯ ಈ ದಡದಲ್ಲಿ ಇನ್ನೊಂದಿಲ್ಲ.

ಶುರುವಾದದ್ದು ನೆಲಿದಾಳಿಂದ.
ಹೋಟೆಲಿನಲ್ಲಿ ಹಾಸಿಗೆ ಮಡಚುವವಳು,
ಆಟದ ನಿಯಮ ಇವತ್ತಿಗೂ ಅರ್ಧ ಗೊತ್ತಿಲ್ಲ.
"ಸಾವಿನ ಮನೆಯಲ್ಲೂ ಇದಕ್ಕಿಂತ ಹೆಚ್ಚು ಗಲಾಟೆ ಇರುತ್ತದೆ" ಅಂದಳು,
ಹರಕು ದುಪ್ಪಟಿ ಒಂಬತ್ತು ಹೊತ್ತು ತಂದಳು,
ನನ್ನ ಮೇಜಿನ ಮೇಲೇ ಹೊಲಿದಳು.
ಖಜಾಂಚಿ ಓದ್ರಿಯೋಸೋಲಾ ಬಣ್ಣದ ಬಿಲ್ಲು ನೋಡಿ
"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ" ಎಂದು
ಗೊಣಗುತ್ತಲೇ ಸಹಿ ಹಾಕಿದ.
ಸಲಾದೇರೊ. ಮಾಂಸಕ್ಕೆ ಉಪ್ಪು ಹಚ್ಚುವ ಜಾಗ ಎಂದರ್ಥ;
ಉಪ್ಪಿನ ಋಣಕ್ಕೇ ಇಷ್ಟು ದಿನ ಬರುತ್ತಿದ್ದೆವು.
ನಮ್ಮ ಲಿಪಿಯಲ್ಲಿ ಎಂಟು ಅಕ್ಷರ.
ಏಳಕ್ಕೆ ಬಟ್ಟೆ ಮುಗಿಯಿತು.
ಕೊನೆಯ ಓ, ಆ ದುಂಡನೆಯದು, ಹೊರಗುಳಿಯಿತು.

ಔಷಧಿ ಅಂಗಡಿಯವಳ ಮಗ ಮೈಕೋಲ್, ಒಂಬತ್ತರ ಪೋರ,
ಸೈಕಲ್ಲಿನ ಟೈರು ಎತ್ತಿಹಿಡಿದು ಬಟ್ಟೆಯ ತುದಿಗೆ ನಿಂತ.
ಅಂದಿನಿಂದ ಅವನೇ ಓ.
"ಅಂಕಪಟ್ಟಿಯಲ್ಲೂ ನಮಗೆ ಅದೇ ಇದೆಯಲ್ಲ" ಎಂದು
ಯಾರೋ ಕುಟುಕಿದರು.

ವಾಷಿಂಗ್ಟನ್ (ಹೌದು, ಹೆಸರೇ ಅದು, ಅವನಪ್ಪ ನಕ್ಷೆ ನೋಡಿ ಇಟ್ಟದ್ದು)
ಅಟ್ಟದಿಂದ ಮೂರು ಡೋಲು ಇಳಿಸಿದ.
ತೊಗಲು ಸಡಿಲ,
ಗ್ಯಾಲರಿಯ ಹಿಂದೆ ಪೇಪರು ಸುಟ್ಟು ಕಾಯಿಸಬೇಕು.
ಸುಡುವುದು ಸೋಮವಾರದ ಪೇಪರೇ ಆಗಬೇಕೆಂದು ಅವನ ಹಟ:
ಸೋಲು ಅಚ್ಚಾಗುವುದು ಅದರಲ್ಲಿ.
ಹೊಗೆ ನನ್ನ ಕಿಂಡಿಗೇ ನುಗ್ಗುತ್ತದೆ. ಕಣ್ಣುರಿ.
ಸುಮ್ಮನಿದ್ದೇನೆ.

ಚಪ್ಪಾಳೆ ಕಲಿಸಲು ಹೋಗಿ ನೆಲಿದಾ ಸೋತಳು.
ನಮ್ಮವರ ಒಂದು ಕೈಯಲ್ಲಿ ಕಷಾಯದ ಬುರುಡೆ,
ಕಂಕುಳಲ್ಲಿ ಥರ್ಮಾಸು;
ಒಂದೇ ಕೈಯಲ್ಲಿ ಚಪ್ಪಾಳೆಯಾಗುತ್ತದೆಯೇ?
ಕೊನೆಗೆ ಕಾಲಿಗೆ ಬಂದರು.
ಹಲಗೆಯ ಮೇಲೆ ಎಂಬತ್ತು ಬೂಟು,
ಆಮೇಲೆ ಇನ್ನೂರು.
ನನ್ನ ಡಬ್ಬಿಯೊಳಗೆ ಚಿಲ್ಲರೆ ತಾನಾಗಿ ಕುಣಿಯತೊಡಗಿತು.

ಗೆದ್ದೆವು ಅಂದುಕೊಂಡಿರಾ? ಇಲ್ಲ.
ಮೇ ತಿಂಗಳಿಡೀ ನಾಲ್ಕು ಪಂದ್ಯ, ಒಂದು ಅಂಕ.
ಗೋಲ್‌ಕೀಪರ್ ರಾತ್ರಿಯೆಲ್ಲ ಬೇಕರಿಯಲ್ಲಿ ಹಿಟ್ಟು ನಾದಿ
ನಿದ್ದೆಗಣ್ಣಲ್ಲೇ ಬರುತ್ತಾನೆ;
ಮೊದಲ ಸಲ ತನ್ನ ಹೆಸರು ಹಿಡಿದು ಕೂಗಿದಾಗ
ಬೆಚ್ಚಿ ಹಿಂತಿರುಗಿ ನೋಡಿದನಂತೆ,
ಏನು ತಪ್ಪು ಮಾಡಿದೆನೋ ಎಂದು.

ಒಂದು ವಾರ ಮೈಕೋಲ್‌ಗೆ ಜ್ವರ.
ಏಳು ಅಕ್ಷರ ಗಾಳಿಗೆ ಬಡಿದುಕೊಳ್ಳುತ್ತಿದ್ದಾಗ
ಬಸ್ಸು ತಪ್ಪಿಸಿಕೊಂಡಿದ್ದನಲ್ಲ, ಅದೇ ಆಸಾಮಿ
ಎದ್ದು ಹೋಗಿ ಟೈರು ಎತ್ತಿಹಿಡಿದನಂತೆ.
ಅವನ ಹೆಸರು ನನಗೆ ಗೊತ್ತಿಲ್ಲ.
ಅವನಿಗೆ ಈಗ ಕೇಳದೆಯೇ ಟಿಕೆಟ್ಟು ಹರಿಯುತ್ತೇನೆ.

ನಿನ್ನೆ ಎಪ್ಪತ್ತನೆಯ ನಿಮಿಷದ ಹೊತ್ತಿಗೆ
ಡೋಲು, ಬೂಟು, ನೆಲಿದಾಳ ಒಡಕು ಗಂಟಲು
ಒಟ್ಟಿಗೆ ಎದ್ದು ಕಿಂಡಿಯ ಗಾಜು ನಡುಗಿತು.
ಔಷಧಿ ಅಂಗಡಿಯವಳು ರಸ್ತೆಯಾಚೆಯಿಂದ
"ನಮ್ಮದಾ?" ಎಂದು ಕೈಯಾಡಿಸಿದಳು.
ಕಿವಿಗೊಟ್ಟೆ.
ಬೆಂಚು ಕಿರುಗುಟ್ಟಿತೇ? ಕೇಳಿಸಲಿಲ್ಲ.
ಹದಿನೇಳು ವರ್ಷದಲ್ಲಿ ಮೊದಲ ಸಲ
ಗೋಲು ಯಾರದೆಂದು ನನಗೆ ತಿಳಿಯಲಿಲ್ಲ.

ಕಿಂಡಿಗೆ ಚಿಲಕ ಹಾಕಿ,
ನಾಯಿಯನ್ನೂ ಕರೆದುಕೊಂಡು,
ನೋಡಲು ಹೋದೆ.