ಹಾ ಅನ್ನು, ಆಯಿ

ಮೈಂದರ್ಗ್ಯಾಗ ಯಾರನ್ನರ ಕೇಳು,
ಶೇಂಗಾ ಹಿಂಡಿ ಅಂದ್ರ ನನ್ನ ಬಾಗಿಲಾ ತೋರಸ್ತಾರ.
ಇಪ್ಪತ್ತೆಂಟು ವರ್ಷ ಒಳಕಲ್ಲ ಮುಂದ ಕುಂತೀನಿ.
ಗಂಡ ಹೋದ ಮ್ಯಾಲ ಮಗನ ಫೀ ಕಟ್ಟಿದ್ದು ಈ ಹಿಂಡಿ,
ಸೊಸಿ ಕೊರಳಿಗೆ ತಾಳಿ ಮಾಡಸಿದ್ದೂ ಇದೇ.

ಮೊಮ್ಮಗಳು ಹುಟ್ಟಿದಳು, ಸಮೃದ್ಧಿ ಅಂತ ಹೆಸರಿಟ್ರು.
ವರ್ಷ ತುಂಬಿದ ದಿನ
ಖಾರ ಹಾಕೂ ಮೊದಲಿನ ಪುಡಿ, ಬೆರಳ ತುದಿಗೆ ಒಂದೀಟು,
ಬೆಲ್ಲ ಹಚ್ಚಿ ನೆಕ್ಕಿಸಿದೆ,
ಮನಿ ರುಚಿ ಮೊದಲ ನನ್ನ ಕೈಲೇ ಆಗ್ಲಿ ಅಂತ.

ಹತ್ತು ನಿಮಿಷ ಆಗಿದ್ದಿಲ್ಲ,
ಕಣ್ಣಿನ ರೆಪ್ಪಿ ನೆನದ ಕಡ್ಲಿ ಹಂಗ ಉಬ್ಬಿದ್ವು.
ಮೈತುಂಬ ಗಂಧಿ. ಎದ್ಯಾಗ ಸುಂಯ್ ಸುಂಯ್.
ಅಕ್ಕಲಕೋಟಿ ದವಾಖಾನ್ಯಾಗ ತೊಡಿಗೆ ಸೂಜಿ ಚುಚ್ಚಿದ್ರು.
ಡಾಕ್ಟರಬಾಯಿ ಮರಾಠ್ಯಾಗ ಹೇಳಿದಳು,
ಸೊಸಿ ಅದನ್ನ ಕನ್ನಡಾ ಮಾಡಿದಳು:
ಇದರ ಮೈ, ಶೇಂಗಾನ ವೈರಿ ಅಂತ ತಿಳಕೊಂಡದ.

ವೈರಿ ಅಂದ್ರ ಕಂಡವರ ಕಣ್ಣು ಅಂದೆ ನಾ.
ಉಪ್ಪು ಮೆಣಸಿನಕಾಯಿ ಇಳಿಸಿ ಒಲಿಗೆ ಒಗದೆ.
ಚಟ್ ಚಟ್ ಅಂದ್ವು. ನೋಡು, ಎಷ್ಟು ದೃಷ್ಟಿ ಇತ್ತು!

ಸೊಸಿ ಮಾತಾಡಲಿಲ್ಲ.
ಶೇಂಗಾ ಎಣ್ಣಿ ಡಬ್ಬಿ ಹೊರಗಿಟ್ಟಳು, ಕುಸುಬಿ ಎಣ್ಣಿ ತರಿಸಿದಳು.
ಬಿಸ್ಕೀಟ ಪುಡಿಕಿ ತಿರುವಿ ತಿರುವಿ ಓದತಾಳ,
ಕೋರ್ಟಿನ ಕಾಗದ ಓದಿಧಂಗ.
ಅಂಗನವಾಡಿಗೆ ಎರಡು ಭಾಷಾದಾಗ ಚೀಟಿ ಬರದು
ಹುಡುಗಿ ಅಂಗಿಗೆ ಪಿನ್ನು ಹಚ್ಚಿದಳು.
ಪಂಚಮಿಗೆ ಓಣ್ಯಾಗಿಂದ ಬಂದ ಉಂಡಿ ಹಂಗ ಹಂಗೇ ವಾಪಸ್.
ಏನಾಗ್ಯದ ನಿನ್ನ ಸೊಸಿಗೆ, ಅಂದ್ರು ಜನಾ.
ಓದಿದ್ದು ಹೆಚ್ಚಾಗ್ಯದ, ಅಂದೆ.
ನಮ್ಮ ಕಾಲದಾಗ ಯಾವ ಕೂಸಿಗೆ ಇತ್ತು ಇದು?

ಇತ್ತೇನೋ.
ನನ್ನ ತಮ್ಮ ಒಬ್ಬಾಂವ
ರಾಶಿ ದಿನ ಹೊಲದಾಗ ಉಸರು ಕಟ್ಟಿ ಹೋದ.
ಗಾಳಿ ಸೋಕ್ಯದ ಅಂದ್ರು.
ಏನು ತಿಂದಿದ್ದ ಅಂತ ಯಾರೂ ಕೇಳಲಿಲ್ಲ.

ಆಮ್ಯಾಲ ಒಂದಿನ
ಮೂರು ಕಿಲೋ ಕುಟ್ಟಿ,
ಉಪ್ಪು ನೋಡಾಕ ಒಂದು ಚಿಮಟಿಗಿ ಬಾಯಾಗ ಹಾಕ್ಕೊಂಡು
ಕೈ ತೊಳಕೊಂಡೆ. ಕೈ ಅಷ್ಟೇ.
ಮಲಗಿದ್ದಳು. ಗಲ್ಲಕ್ಕ ಒಂದು ಮುತ್ತು ಕೊಟ್ಟೆ.
ನೋಡ ನೋಡತಾ
ಅಲ್ಲೇ, ಅಷ್ಟೇ ಜಾಗಾದಾಗ
ಎರಡು ತುಟಿ ಎದ್ದು ಬಂದ್ವು, ಕೆಂಪಗ.
ನನ್ನವೇ.
ಕೆಳಗಿನ ತುಟಿ ಸೀಳು ಸಮೇತ.

ಡಾಕ್ಟರಬಾಯಿ ಮಾತು ನನಗ ಕನ್ನಡದಾಗ ಮುಟ್ಟಿದ್ದು ಆವತ್ತು.

ಈಗ ಒಳಕಲ್ಲು ನೀಲಗಂಗಾನ ಪಡಸಾಲ್ಯಾಗ ಅದ.
ಅಲ್ಲೇ ಕುಟ್ಟಿ, ಅಲ್ಲೇ ಜಳಕಾ ಮಾಡಿ,
ಬ್ಯಾರೆ ಸೀರಿ ಉಟಗೊಂಡು ಬರ್ತೀನಿ.
ದವಾಖಾನಿ ನಂಬರ ಗ್ವಾಡಿ ಮ್ಯಾಲ ಇದ್ದಲಿಲೆ ಬರದಾಳ ಸೊಸಿ,
ನನ್ನ ಕಣ್ಣಿಗೂ ಕಾಣೂವಷ್ಟು ದೊಡ್ಡದು.
ಉಪ್ಪು ನೀಲಗಂಗಾ ನೋಡ್ತಾಳ, ಒಮ್ಮೊಮ್ಮೆ ಹೆಚ್ಚಾಗ್ತದ.
ಗಿರಾಕಿ ಬೈತಾರ.

ಹೊಚ್ಚಲ ಮ್ಯಾಲ ಕುಂತಿರ್ತಾಳ, ನಾಕು ವರ್ಷದಾಕಿ.
ದುಧನಿ ದಾಟಿದ ಮ್ಯಾಲ ನಾಕಾದಾಗ ಗಾಡಿ ನಿಲ್ಲಸಿಧಂಗ
ಎರಡೂ ಕೈ ಅಡ್ಡ ಹಿಡದು ನಿಲ್ಲಸ್ತಾಳ:
ಹಾ ಅನ್ನು, ಆಯಿ.
ಬಗ್ಗಿ ಬಾಯಿ ತೆರೀತೀನಿ.
ಸಣ್ಣ ಮೂಗು ಹತ್ತರ ಬರ್ತದ, ಮೂಸತದ,
ಹುಬ್ಬು ಗಂಟ ಹಾಕ್ಕೊಂಡು ವಿಚಾರ ಮಾಡ್ತದ.

ಇನ್ನೊಮ್ಮೆ ತೊಳಕೊಂಡು ಬಾ, ಅಂತಾಳ ಕೆಲವು ದಿನ.
ಹೋಗ್ತೀನಿ.